ದಾಳದೊಳಗೆ ಸೈತಾನನಿರುವನೇ?

ತುಳುನಾಡಿನಿಂದ ಘಟ್ಟ ಹತ್ತಿ ಬಂದು ಬೇಲೂರು, ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಹಿರಿಯರಿಗೆ ಚೆನ್ನೆಮಣೆಯ ಪರಿಚಯವನ್ನು ಹೇಳಬೇಕಾಗಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಹೊತ್ತು ಕಳೆಯಲು ಆಡುತ್ತಿದ್ದ ಆಟವದು. ಆದರೆ ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದು ಎಂಬ ಕಟ್ಟಳೆಯೊಂದು ಅಲ್ಲಿದೆ. ಅದರ ಹಿಂದಿರುವುದು ಸಿರಿ ಪಾಡ್ದನದ ಕಥೆ. ಸಿರಿಯ ಮಗಳು ಸೊನ್ನೆಗೆ ಅಬ್ಬಗ, ದಾರಗ ಎಂಬ ಅವಳಿ ಹೆಣ್ಣುಮಕ್ಕಳು. ಹೆತ್ತವರು ಮನೆಯಲ್ಲಿಲ್ಲದಾಗ ಚೆನ್ನೆಯಾಡುತ್ತಾ ಜಗಳ ಹತ್ತಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ; ಬಳಿಕ ತಾನೂ ಬಾವಿಯ ಪಾಲಾಗುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಹಾಗೂ ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರು ದಾಖಲಿಸಿ 1998ರಲ್ಲಿ ಪ್ರಕಟಿಸಿದರು.

ಹಾಡುವವರಲ್ಲಿ ಪಾಠಭೇದಗಳುಂಟು. ಆದರೂ ಕಥೆಯನ್ನು ಗಮನವಿಟ್ಟು ಕೇಳಿದವರಿಗೆ ಒಂದು ಮಾತು ಹೊಳೆಯದಿರದು. ಕಾವ್ಯವು ಮಣೆಯನ್ನು ದೂರುವುದಿಲ್ಲ. ಮಕ್ಕಳಿಗಾಗಿ ಹರಕೆ ಹೊತ್ತ ತಂದೆತಾಯಿ ಅದನ್ನು ಮರೆತರು. ದುರಂತದ ಬೇರು ಅಲ್ಲಿದೆ. ಜನರ ನೆನಪಿನಲ್ಲಿ ಮಾತ್ರ ಹಿರಿಯರ ಮರೆವು ಮಾಸಿಹೋಗಿ, ಅಪವಾದವೆಲ್ಲ ಮರದ ಹಲಗೆಯ ಮೇಲೆ ಉಳಿಯಿತು.

ಇದೇ ಕಥೆ ಅಮೆರಿಕದಲ್ಲಿ ಬೇರೆ ಉಡುಪು ತೊಟ್ಟು ನಡೆಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವೊಂದನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಕಥೆ ನಡೆಸುವವನು. ಉಳಿದವರು ಯೋಧ, ಮಾಂತ್ರಿಕ, ಕಳ್ಳ, ಗುರು ಎಂದು ಒಂದೊಂದು ಪಾತ್ರವನ್ನು ವಹಿಸಿ, ಗವಿಯೊಳಗಿನ ರಾಕ್ಷಸರನ್ನು ಮಾತಿನಲ್ಲಿಯೇ ಎದುರಿಸುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ಇದರ ಕುಳ್ಳರೂ ಎಲ್ಫರೂ ಬಹುಮಟ್ಟಿಗೆ ಟೋಲ್ಕೀನರ ಕಥೆಗಳಿಂದ ಬಂದವರು. ಆ ಟೋಲ್ಕೀನರು ನಿಷ್ಠಾವಂತ ಕಥೋಲಿಕರು.

1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಹದಿನಾರರ ಹರೆಯದ ವಿದ್ಯಾರ್ಥಿಯೊಬ್ಬನು ಕಾಣೆಯಾದನು. ವಯಸ್ಸಿಗೆ ಮೀರಿದ ಬುದ್ಧಿಯ ಹುಡುಗ. ಈ ಆಟವನ್ನೂ ಆಡುತ್ತಿದ್ದವನು. ಹಬೆಯ ಕೊಳವೆಗಳು ಹಾದುಹೋಗುವ ನೆಲದಡಿಯ ಸುರಂಗಗಳಲ್ಲಿ ಆಟವನ್ನು ನಿಜವೆಂದೇ ಆಡಲು ಹೋಗಿ ದಾರಿ ತಪ್ಪಿರಬಹುದೆಂದು ಪೋಷಕರು ನೇಮಿಸಿದ ಪತ್ತೇದಾರ ವಿಲಿಯಂ ಡಿಯರ್ ಊಹಿಸಿದನು. ಪತ್ರಿಕೆಗಳು ಊಹೆಯನ್ನು ವರದಿಯಾಗಿಸಿದವು. ಸುಮಾರು ಒಂದು ತಿಂಗಳ ಮೇಲೆ ಹುಡುಗ ದೂರದ ಲೂಸಿಯಾನದಲ್ಲಿ ಜೀವಂತವಾಗಿ ಸಿಕ್ಕಿದನು. ಆದರೆ ಮರುವರ್ಷವೇ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಖಿನ್ನತೆ, ಒಂಟಿತನ, ಮಾದಕ ವಸ್ತುಗಳು, ಮನೆಯವರ ನಿರೀಕ್ಷೆಯ ಭಾರ ಇವೇ ಅವನನ್ನು ಸುರಂಗಕ್ಕೆ ಅಟ್ಟಿದ್ದವು, ಆಟವಲ್ಲ ಎಂದು ಡಿಯರ್ ಪುಸ್ತಕ ಬರೆದು ತಿಳಿಸಿದ್ದು 1984ರಲ್ಲಿ.

ಅಷ್ಟರಲ್ಲಿ ಚಲನಚಿತ್ರ ಮುಂದೆ ಹೋಗಿಯಾಗಿತ್ತು. ರೋನಾ ಜಾಫೆ ಎಂಬ ಲೇಖಕಿ 1981ರಲ್ಲಿ ‘ಮೇಜಸ್ ಅಂಡ್ ಮಾನ್ಸ್‌ಟರ್ಸ್’ ಕಾದಂಬರಿ ಬರೆದರು. 1982ರ ಡಿಸೆಂಬರಿನಲ್ಲಿ ಅದು ದೂರದರ್ಶನ ಚಿತ್ರವಾಗಿ ಪ್ರಸಾರವಾಯಿತು. ಆಗಿನ್ನೂ ಹೆಸರಾಗದಿದ್ದ ಟಾಮ್ ಹ್ಯಾಂಕ್ಸ್ ನಾಯಕ. ಅವನು ಆಟದಲ್ಲಿ ವಹಿಸುವ ಪಾತ್ರ ಗುರುವಿನದು, ಅಂದರೆ ನಮ್ಮ ವೃತ್ತಿಯದು! ಆ ಪಾತ್ರದಿಂದ ಹೊರಬರಲಾರದೆ, ನ್ಯೂಯಾರ್ಕಿನ ಗಗನಚುಂಬಿ ಕಟ್ಟಡದ ಮೇಲಿಂದ ಹಾರಲು ಹೊರಡುತ್ತಾನೆ. ಸ್ನೇಹಿತರು ತಡೆಯುತ್ತಾರೆ, ಬುದ್ಧಿ ಮಾತ್ರ ಮರಳುವುದಿಲ್ಲ. ಸೋಜಿಗವೆಂದರೆ, ಈ ಹುಡುಗನ ಅಣ್ಣ ಮನೆ ಬಿಟ್ಟು ಹೋದವನು, ತಮ್ಮನು ಹುಡುಕುತ್ತಿರುವುದೂ ಅವನನ್ನೇ ಎಂದು ಚಿತ್ರವೇ ತೋರಿಸುತ್ತದೆ. ಮನೆಯ ಗಾಯ ತೆರೆಯ ಮೇಲೆ ಕಣ್ಣೆದುರಿಗಿದೆ. ನೋಡಿದವರು ದಾಳವನ್ನು ಮಾತ್ರ ನೆನಪಿಟ್ಟುಕೊಂಡರು.

ತರ್ಕಶಾಸ್ತ್ರದಲ್ಲಿ ಇದಕ್ಕೆ ಕಾಕತಾಳೀಯ ದೋಷವೆನ್ನುತ್ತಾರೆ. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು, ಕಾಗೆಯೇ ಬೀಳಿಸಿತು. ಹುಡುಗನು ಆಟವಾಡುತ್ತಿದ್ದನು, ಹುಡುಗನು ಸತ್ತನು, ಆಟವೇ ಕೊಂದಿತು. ಮಗನನ್ನು ಕಳೆದುಕೊಂಡ ವರ್ಜೀನಿಯಾದ ತಾಯಿಯೊಬ್ಬರು 1983ರಲ್ಲಿ ಈ ಆಟದ ವಿರುದ್ಧ ಸಂಘವನ್ನೇ ಕಟ್ಟಿದರು. ಅವರ ದುಃಖದ ಮುಂದೆ ತಲೆ ಬಾಗಬೇಕು. ಅವರ ವಾದದ ಮುಂದಲ್ಲ. ಮರುವರ್ಷ ಜ್ಯಾಕ್ ಚಿಕ್ ಎಂಬ ಪ್ರಕಾಶಕನು ‘ಡಾರ್ಕ್ ಡಂಜನ್ಸ್’ ಎಂಬ ಚಿತ್ರಕಥೆಯ ಕರಪತ್ರದಲ್ಲಿ, ಈ ಆಟವಾಡುವವರು ನಿಜವಾದ ಮಾಟಗಾರರ ಕೂಟಕ್ಕೆ ಸೇರಿಬಿಡುತ್ತಾರೆಂದು ಸಾರಿದನು. ಈ ಚಿಕ್ ಯಾರು? ನಮ್ಮ ಧರ್ಮಸಭೆಯನ್ನೂ ಜಗದ್ಗುರುಗಳನ್ನೂ ಸೈತಾನನ ಕೆಲಸದವರೆಂದು ಜೀವನವಿಡೀ ಅಚ್ಚು ಹಾಕಿದವನು! ಮೊಬೈಲಿಗೆ ಬಂದ ಎಚ್ಚರಿಕೆಯನ್ನು ಹತ್ತು ಮನೆಗಳಿಗೆ ದಾಟಿಸುವ ಮೊದಲು, ಅದು ಯಾವ ಮುದ್ರಣಾಲಯದಲ್ಲಿ ಹುಟ್ಟಿತೆಂದು ವಿಚಾರಿಸುವುದು ಒಳ್ಳೆಯದು. 2014ರಲ್ಲಿ ಆ ಕರಪತ್ರವನ್ನು ಆಟದ ಅಭಿಮಾನಿಗಳೇ ಅನುಮತಿ ಪಡೆದು ಚಿತ್ರವಾಗಿಸಿದರು, ಪ್ರೇಕ್ಷಕರು ನಕ್ಕರು. 2017ರಲ್ಲಿ ನಮ್ಮ ಶಾಲೆಗಳನ್ನೆಲ್ಲ ನಡುಗಿಸಿದ ‘ನೀಲಿ ತಿಮಿಂಗಿಲ’ದ ಭಯವೂ ಇಂಥದೇ. ತನಿಖೆಯಾದ ಸಾವುಗಳಲ್ಲಿ ಯಾವುದಕ್ಕೂ ಆ ಆಟದ ನಂಟು ಸಿಕ್ಕಲಿಲ್ಲವೆಂದು 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತು.

ವೇಷ ಹಾಕುವುದು ನಮಗೆ ಹೊಸದೇ? ಅರಸೀಕೆರೆಯ ಸುತ್ತಿನ ಹಳ್ಳಿಗಳಲ್ಲಿ ಮೂಡಲಪಾಯದ ರಾಕ್ಷಸನು ಬೆಳಗಾಗುವವರೆಗೆ ಆರ್ಭಟಿಸಿ, ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ತಪಸ್ಸುಕಾಲದ ನಾಟಕದಲ್ಲಿ ಪಿಲಾತನಾದವನನ್ನು ನಾವು ಪಾಪನಿವೇದನೆಗೆ ಕರೆಯುವುದಿಲ್ಲ. ಬೇಲೂರಿನಲ್ಲಿ ಸಳನು ಮೃಗವನ್ನು ಇರಿಯುತ್ತಿರುವ ಶಿಲ್ಪವನ್ನು ನೋಡಿ ನಮ್ಮ ಮಕ್ಕಳು ಕಠಾರಿ ಹುಡುಕಿದ್ದನ್ನು ಯಾರೂ ಕಂಡಿಲ್ಲ.

ಹಾಗೆಂದು ಧರ್ಮಸಭೆಯಲ್ಲಿ ಆಟದ ಭಯ ಇರಲೇ ಇಲ್ಲವೆಂದಲ್ಲ. ಹನ್ನೊಂದನೆಯ ಶತಮಾನದಲ್ಲಿ ಸಂತ ಪೀಟರ್ ದಾಮಿಯಾನ್ ಅವರು ಫ್ಲಾರೆನ್ಸಿನ ಧರ್ಮಾಧ್ಯಕ್ಷರು ಚದುರಂಗ ಆಡಿದ್ದಕ್ಕೆ ಕೆರಳಿದರು. ದಾಳವೇ ಬೇರೆ, ಚದುರಂಗವೇ ಬೇರೆ ಎಂದು ಧರ್ಮಾಧ್ಯಕ್ಷರು ವಾದಿಸಿದರೂ ಬಿಡದೆ, ಕೀರ್ತನೆಗಳ ಗ್ರಂಥವನ್ನು ಮೂರು ಬಾರಿ ಪಠಿಸಿ, ಹನ್ನೆರಡು ಮಂದಿ ಬಡವರ ಪಾದ ತೊಳೆಯುವ ಪ್ರಾಯಶ್ಚಿತ್ತ ವಿಧಿಸಿದರು. ಎರಡು ಶತಮಾನಗಳ ಮೇಲೆ ಸಂತ ಥಾಮಸ್ ಅಕ್ವಿನಾಸರು ಬೇರೆ ದಾರಿ ಹಿಡಿದರು. ಅರಿಸ್ಟಾಟಲನನ್ನು ಅನುಸರಿಸಿ, ಆಟದಲ್ಲಿ ಹದವರಿತು ನಡೆಯುವುದೇ ಒಂದು ಸದ್ಗುಣ ಎಂದರು. ಶಿಷ್ಯರೊಡನೆ ಆಡುತ್ತಿದ್ದ ಸಂತ ಯೊವಾನ್ನರನ್ನು ಕಂಡು ಕೆಲವರು ಮುಖ ಸಿಂಡರಿಸಿದಾಗ, ಬಿಲ್ಲನ್ನು ಎಂದೂ ಸಡಿಲಿಸದಿದ್ದರೆ ಅದು ಮುರಿಯುವುದೆಂದು ಅವರು ತೋರಿಸಿದ ಕಥೆಯನ್ನು ಅಕ್ವಿನಾಸರು ಅಲ್ಲಿ ಉದಾಹರಿಸುತ್ತಾರೆ. ಅವಿಲಾದ ಸಂತ ತೆರೇಸಮ್ಮನವರಂತೂ ಪ್ರಾರ್ಥನೆಯನ್ನು ವಿವರಿಸಲು ಚದುರಂಗವನ್ನೇ ಉಪಮೆಯಾಗಿಸಿಕೊಂಡರು. ದಾಳದ ಮಾತಿಗೆ ಬಂದರೆ, ಶಿಲುಬೆಯ ಬುಡದಲ್ಲಿ ಸೈನಿಕರು ಯೇಸುಸ್ವಾಮಿಯ ಅಂಗಿಗಾಗಿ ಚೀಟಿ ಹಾಕಿದರು. ಪ್ರೇಷಿತರು ಮತ್ತೀಯನನ್ನು ಆರಿಸಿದ್ದೂ ಚೀಟಿ ಹಾಕಿಯೇ.

ಧರ್ಮಸಭೆ ಗೆರೆ ಎಳೆದಿರುವ ಕಡೆ ಗೆರೆಯಿದೆ. ಸತ್ತವರನ್ನು ಕರೆಯುವುದು, ಭವಿಷ್ಯ ಕೇಳುವುದು ಆಟದ ಹೆಸರಿನಲ್ಲಿಯೂ ಸಲ್ಲದೆಂದು ಧರ್ಮೋಪದೇಶದ 2116ನೆಯ ಪರಿಚ್ಛೇದ ಹೇಳುತ್ತದೆ. ಆದ್ದರಿಂದ ಹಾಸ್ಟೆಲುಗಳಲ್ಲಿ ಆಡುವ ಊಈಜಾ ಹಲಗೆಗೆ ನಾನು ಅನುಮತಿ ಕೊಡಲಾರೆ. 2413ನೆಯದು ಜೂಜಿನ ಕುರಿತು: ತನ್ನ ಮತ್ತು ತನ್ನವರ ಅಗತ್ಯಕ್ಕೆ ಬೇಕಾದುದನ್ನು ಕಿತ್ತುಕೊಳ್ಳುವಾಗ ಅದು ತಪ್ಪಾಗುತ್ತದೆ. ಕರ್ನಾಟಕ ಸರ್ಕಾರ 2021ರಲ್ಲಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಬುಟ್ಟಿಗೆ ಹಾಕಿದ್ದಕ್ಕಾಗಿ 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2025ರಲ್ಲಿ ಸಂಸತ್ತು ಬೇರೊಂದು ಕಾನೂನು ತಂದು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಉಳಿದವನ್ನು ಬಿಟ್ಟಿತು. ಮೊಬೈಲಿನ ರಮ್ಮಿಯಲ್ಲಿ ಮನೆಯ ಉಳಿತಾಯ ಕರಗಿಸಿದ ತಂದೆಯರನ್ನು ನಾನು ಬಲ್ಲೆ. ಅವರ ಫೋನಿಗೆ ತೀರ್ಥ ಪ್ರೋಕ್ಷಿಸಿರೆಂದು ಯಾರೂ ನನ್ನನ್ನು ಕೇಳಿಲ್ಲ.

ಕೇಳಿದ್ದು ದಾಳಕ್ಕೆ. ಧ್ಯಾನಕೂಟವೊಂದು ಮುಗಿದ ಮೇಲೆ ತಾಯಿಯೊಬ್ಬರು ಗುರುಮನೆಗೆ ಬಂದು, “ಸ್ವಾಮಿ, ಬೆಂಗಳೂರಿನಲ್ಲಿ ಓದೋ ಮಗನ ಚೀಲದಲ್ಲಿ ಇದು ಸಿಕ್ತು. ಮಾತಿಲ್ಲ, ಊಟ ಸೇರಲ್ಲ. ಇದೇ ಹಿಡ್ಕೊಂಡಿದೆ” ಎಂದು ಹಸಿರು ದಾಳವೊಂದನ್ನು ಮೇಜಿನ ಮೇಲಿಟ್ಟರು. ಮುಟ್ಟಲು ಅಂಜಿ ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ನಾನು ಮಗನನ್ನು ಕಳುಹಿಸಿರೆಂದೆ. ಮೊದಲ ಎರಡು ಭೇಟಿಯಲ್ಲಿ ಅವನು ಆಟದ ನಿಯಮಗಳನ್ನೇ ವಿವರಿಸಿದನು; ಆಗ ಅವನ ಕಣ್ಣಿನಲ್ಲಿ ಬೆಳಕಿತ್ತು. ಮೂರನೆಯ ಸಲ, ಎರಡು ಸೆಮಿಸ್ಟರಿನಿಂದ ಪರೀಕ್ಷೆಗಳಲ್ಲಿ ಅನುತ್ತೀರ್ಣನಾಗಿರುವುದಾಗಿಯೂ, ಶುಲ್ಕಕ್ಕೆಂದು ಅಪ್ಪ ತೋಟ ಅಡವಿಟ್ಟಿರುವುದರಿಂದ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲವೆಂದೂ ತಿಳಿಸಿದನು. ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ. ಬರೆಯಲು ಅವನೇ ಒಪ್ಪಿದ್ದಾನೆ. ವಾರವಿಡೀ ತಾನು ಯಾರೊಂದಿಗಾದರೂ ನಗುತ್ತಿದ್ದುದು ಶನಿವಾರ ರಾತ್ರಿ, ಆ ಮೇಜಿನ ಸುತ್ತ ಮಾತ್ರ ಎಂದೂ ಅವನು ಹೇಳಿದನು. ಅಪ್ಪನಿಗೆ ವಿಷಯ ತಿಳಿಸಲು ಹೊರಟಾಗ ನಾನೂ ಜೊತೆಯಲ್ಲಿ ಹೋದೆ.