ಕತ್ತಲೆ ಕಾಯ್ದ ಪ್ರತಿ

೨೦೧೭ನೆಯ ಇಸವಿ, ಜೂನ್ ೨೭. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್‌ನ ಕಂಪ್ಯೂಟರುಗಳ ತೆರೆಗಳು ಒಂದೊಂದಾಗಿ ಕಪ್ಪಾದುವು. ‘ನಾಟ್‌ಪೆಟ್ಯ’ ಎಂಬ ವಿನಾಶಕ ತಂತ್ರಾಂಶ ಜಾಲವನ್ನೆಲ್ಲ ವ್ಯಾಪಿಸಿತ್ತು.

ಬಿಡಿ ಸರ್ವರುಗಳ ಪ್ರತಿಗಳೇನೋ ದೊರೆತುವು. ಆದರೆ ಜಾಲದೊಳಗೆ ಯಾರಿಗೆ ಪ್ರವೇಶವೆಂದು ನಿರ್ಣಯಿಸುವ ಮುಖ್ಯ ಯಂತ್ರಗಳಿಗೆ ಬೇರೆ ಪ್ರತಿಯೇ ಇರಲಿಲ್ಲ! ಸುಮಾರು ೧೫೦ ಯಂತ್ರಗಳು ಒಂದಕ್ಕೊಂದು ಪ್ರತಿಯಾಗಿದ್ದುವು, ಒಟ್ಟಿಗೇ ಅಳಿದುವು. ಉಳಿದುದು ಒಂದೇ, ಆಫ್ರಿಕದ ಘಾನಾದಲ್ಲಿ. ದಾಳಿಗೆ ಮುನ್ನವೇ ಅಲ್ಲಿ ವಿದ್ಯುತ್ತು ನಿಂತು, ಆ ಯಂತ್ರ ಜಾಲದಿಂದ ಬೇರ್ಪಟ್ಟಿತ್ತು.

ಅಲ್ಲಿಯ ನೌಕರರಿಗೆ ಇಂಗ್ಲೆಂಡಿನ ವೀಸಾ ಇರಲಿಲ್ಲ. ಡಿಸ್ಕು ನೈಜೀರಿಯದಲ್ಲಿ ಕೈ ಬದಲಾಗಿ ಲಂಡನ್ ಸೇರಿತು. ಹತ್ತೇ ದಿನಗಳಲ್ಲಿ ೪,೦೦೦ ಸರ್ವರುಗಳೂ ೪೫,೦೦೦ ಕಂಪ್ಯೂಟರುಗಳೂ ಮರಳಿ ಸಿದ್ಧವಾದುವು.

ಬಿತ್ತನೆಬೀಜವನ್ನು ಕಣಜದಿಂದ ಬೇರೆಯಾಗಿಡುವ ರೈತನ ವಿವೇಕ ಯಂತ್ರಗಳಿಗೂ ಸಲ್ಲುತ್ತದೆ.