ನಿಸಿಧಿ ಮಂಟಪಗಳ ರಚನಾಕ್ರಮ: ಗ್ರಂಥ ಮತ್ತು ಶಿಲೆಗಳ ಸಾಕ್ಷ್ಯ

ಸಮಾಧಿಮರಣವನ್ನು ಪಡೆದ ಆಚಾರ್ಯರ, ಕಂತಿಯರ ಹಾಗೂ ಶ್ರಾವಕ-ಶ್ರಾವಿಕೆಯರ ನೆನಪಿಗಾಗಿ ನಿಲ್ಲಿಸಿದ ನಿಸಿಧಿಗಳು ಕರ್ಣಾಟಕದ ಜೈನ ಇತಿಹಾಸಕ್ಕೆ ಒದಗಿಸಿರುವ ಸಾಮಗ್ರಿ ಅಪಾರವಾದುದು. ಗುರುಪರಂಪರೆ ಹಾಗೂ ಕಾಲಗಳ ನಿರ್ಣಯಕ್ಕೆ ವಿದ್ವಾಂಸರು ಇವನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ಆದರೆ ನಿಸಿಧಿಯನ್ನು ಎಂತಹ ನೆಲದಲ್ಲಿ, ಯಾವ ಆಕಾರದಲ್ಲಿ, ಯಾವ ಪ್ರಯೋಜನವನ್ನು ಉದ್ದೇಶಿಸಿ ರಚಿಸಿದರು ಎಂಬ ವಿಚಾರವು ಅಷ್ಟಾಗಿ ಗಮನವನ್ನು ಸೆಳೆದಿಲ್ಲ. ಈ ವಿಷಯದಲ್ಲಿ ಗ್ರಂಥ ಮತ್ತು ಶಿಲೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ಪರಿಶೀಲಿಸಬಹುದು. ಶಾಸನಗಳಲ್ಲಿ ನಿಸಿಧಿ, ನಿಸಿದಿಗೆ, ನಿಷಿಧಿ ಮೊದಲಾದ ರೂಪಗಳು ದೊರೆಯುತ್ತವೆ. ಪ್ರಾಕೃತದ ಣಿಸೀಹಿಯಾ, ಸಂಸ್ಕೃತದ ನಿಷೀಧಿಕಾ, ನಿಷದ್ಯಾ ಎಂಬ ರೂಪಗಳು ಇದಕ್ಕೆ ಸಂವಾದಿಯಾಗಿವೆ. ಖಾರವೇಲನ ಹಾಥಿಗುಂಫಾ ಶಾಸನದಲ್ಲಿಯೂ ಈ ಶಬ್ದವು ಬಂದಿದೆ. ನಿಷದ್ಯಾ ಎಂದರೆ ಕುಳಿತುಕೊಳ್ಳುವ ಸ್ಥಾನ. ಹೀಗೆ ಶಬ್ದದ ಮೂಲದಲ್ಲಿ ಮರಣದ ಸೂಚನೆಗಿಂತ ಆಸನದ ಸೂಚನೆಯೇ ಪ್ರಧಾನವಾಗಿದೆ. ಮುಂದೆ ಬೆಳೆದ ರಚನೆಗಳೆಲ್ಲವನ್ನೂ ಈ ಅರ್ಥದ ಬೆಳಕಿನಲ್ಲಿ ನೋಡಬೇಕು.

ಶಿವಾರ್ಯರ ಭಗವತೀ ಆರಾಧನೆಯು ನಿಷೀಧಿಕೆಯ ಲಕ್ಷಣಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಅದು ಕ್ಷಪಕನ ದೇಹವನ್ನು ಇರಿಸುವ ಸ್ಥಳ. ಆ ಸ್ಥಳವು ಏಕಾಂತವಾಗಿರಬೇಕು; ಬೆಳಕುಳ್ಳದ್ದಾಗಿರಬೇಕು; ಊರಿಗೆ ಅತಿ ದೂರವೂ ಅತಿ ಸಮೀಪವೂ ಆಗಿರಬಾರದು; ವಿಸ್ತಾರವಾಗಿ, ಸಮತಲವಾಗಿ, ತೇವವಿಲ್ಲದೆ, ಬಿಲಗಳೂ ಜೀವಜಂತುಗಳೂ ಇಲ್ಲದೆ ಇರಬೇಕು. ಕ್ಷಪಕನ ವಸತಿಯಿಂದ ನೈರುತ್ಯ, ದಕ್ಷಿಣ ಅಥವಾ ಪಶ್ಚಿಮ ದಿಕ್ಕು ಪ್ರಶಸ್ತವಾದುದು. ಈ ಲಕ್ಷಣಗಳೆಲ್ಲವೂ ನೆಲಕ್ಕೆ ಸಂಬಂಧಿಸಿದವು. ಇವುಗಳ ಹಿಂದಿರುವ ತತ್ತ್ವವು ಅಹಿಂಸೆಯೆಂಬುದು ಸುವಿದಿತ. ಬೆಳಕು ಬೇಕಾದುದು ಸೂಕ್ಷ್ಮಜೀವಿಗಳು ಕಾಣುವುದಕ್ಕೆ. ತೇವ ಬೇಡವಾದುದು ಅಲ್ಲಿ ಜೀವೋತ್ಪತ್ತಿಯಾಗುವುದರಿಂದ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳು ಇದಕ್ಕೆ ತೀರ ಹತ್ತಿರವಾಗಿವೆ. ಕ್ರಿ. ಶ. ಸುಮಾರು 600ರ ಪ್ರಭಾಚಂದ್ರರ ಶಾಸನವೂ ಮುಂದಿನ ಶತಮಾನಗಳ ಕಿರುಶಾಸನಗಳೂ ಬರಿಯ ಹಾಸುಬಂಡೆಯ ಮೇಲೆಯೇ ಕೊರೆಯಲ್ಪಟ್ಟಿವೆ. ಅನೇಕ ಕಡೆಗಳಲ್ಲಿ ಹೆಸರು, ನೋಂಪಿ, ‘ಮುಡಿಪಿದರ್’ ಎಂಬ ಕ್ರಿಯಾಪದ ಇಷ್ಟೇ ಇವೆ. ಸುಮಾರು 700ರ ನಂದಿಸೇನ ಮುನಿಗಳ ಶಾಸನದಲ್ಲಿ ಸಂಪತ್ತು ಮಳೆಬಿಲ್ಲಿನಂತೆ, ಮಿಂಚಿನಂತೆ ನಿಲ್ಲದೆಂಬ ಭಾವವು ಬಂದಿದೆ. ಇದು ಅನಿತ್ಯಾನುಪ್ರೇಕ್ಷೆಯಲ್ಲದೆ ಬೇರೆಯಲ್ಲ. ಅಂದರೆ ಓದುವವನು ಸತ್ತವರನ್ನು ಕುರಿತು ಶೋಕಿಸುವುದಕ್ಕಿಂತ, ಅವರು ಆಲೋಚಿಸಿದುದನ್ನು ಅದೇ ಬಂಡೆಯ ಮೇಲೆ ನಿಂತು ತಾನೂ ಆಲೋಚಿಸಬೇಕೆಂಬುದು ಇಲ್ಲಿಯ ಆಶಯ.

ಮುಂದೆ ನೆಲದ ಜಾಗಕ್ಕೆ ಕಂಬವೂ ಮಂಟಪವೂ ಬಂದವು. ಗಂಗ ಮಾರಸಿಂಹನು ಸುಮಾರು 974ರಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಬಂಕಾಪುರದಲ್ಲಿ ಸಮಾಧಿಯನ್ನು ಪಡೆದನು. ಆತನ ಶಾಸನವಿರುವುದು ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದಲ್ಲಿ. ದೇಹವಿಟ್ಟ ಸ್ಥಳದಿಂದ ಸ್ಮಾರಕವು ಬೇರ್ಪಡಬಹುದೆಂಬುದು ಇದರಿಂದ ವಿದಿತವಾಗುತ್ತದೆ. ಶಾಸನಗಳು ಹೇಳುವ ‘ಪರೋಕ್ಷವಿನಯ’ವೆಂಬ ಮಾತು ಇಲ್ಲಿ ಅನ್ವರ್ಥವಾಗುತ್ತದೆ.

ಹೊಯ್ಸಳರ ಕಾಲದಲ್ಲಿ ಈ ರಚನೆಯು ಪಕ್ವವಾಯಿತು. 1115ರಲ್ಲಿ ಮೇಘಚಂದ್ರ ತ್ರೈವಿದ್ಯರು, 1123ರಲ್ಲಿ ಶುಭಚಂದ್ರ ಸಿದ್ಧಾಂತದೇವರು, 1129ರಲ್ಲಿ ಮಲ್ಲಿಷೇಣ ಮಲಧಾರಿದೇವರು ಮುಡಿಪಿದುದನ್ನು ಹೇಳುವ ದೀರ್ಘಶಾಸನಗಳು ಕಂಬಗಳ ಮೇಲಿವೆ. ಕತ್ತಲೆ ಬಸದಿಯ ದಕ್ಷಿಣಕ್ಕಿರುವ ಮಹಾನವಮಿ ಮಂಟಪವು ಈ ಬಗೆಯ ರಚನೆಗೆ ಉತ್ತಮ ನಿದರ್ಶನ. ಪೂರ್ವಾಭಿಮುಖವಾಗಿ ಅಕ್ಕಪಕ್ಕದಲ್ಲಿ ನಿಂತಿರುವ ಎರಡು ನಾಲ್ಕುಕಂಬದ ಮಂಟಪಗಳಿವು. ಪ್ರತಿಯೊಂದರ ನಡುವೆಯೂ ಒಂದು ಶಾಸನಸ್ತಂಭವಿದೆ. ಇವುಗಳಲ್ಲೊಂದು 1176ರಲ್ಲಿ ಮುಡಿಪಿದ ನಯಕೀರ್ತಿಗಳಿಗಾಗಿ ಅವರ ಶಿಷ್ಯನಾದ ಮಂತ್ರಿ ನಾಗದೇವನು ಮಾಡಿಸಿದುದು. ಇಲ್ಲಿ ಗರ್ಭಗೃಹವಿಲ್ಲ, ಬಾಗಿಲಿಲ್ಲ, ಗೋಡೆಯಿಲ್ಲ. ಬಸದಿಯಲ್ಲಿ ಜಿನಬಿಂಬವಿರುವ ಎಡೆಯಲ್ಲಿ ಇಲ್ಲಿ ಬರಹವಿದೆ. ಶಾಸನವು ಕಂಬದ ಹಲವು ಮುಖಗಳಿಗೆ ಹರಡಿರುವಲ್ಲಿ, ಓದುವವನು ಸುತ್ತಿಬರಲೇಬೇಕಾಗಿ ಓದೇ ಪ್ರದಕ್ಷಿಣೆಯಾಗುತ್ತದೆ.

ವೀರಗಲ್ಲಿನೊಡನೆ ಹೋಲಿಸಿದರೆ ಭೇದವು ಇನ್ನೂ ಸ್ಫುಟವಾಗುತ್ತದೆ. ವೀರಗಲ್ಲಿನಲ್ಲಿ ಕಾಳಗ, ಅಪ್ಸರೆಯರು, ಸ್ವರ್ಗಾರೋಹಣಗಳಿದ್ದರೆ, ನಿಸಿಧಿಯ ಶಿಲ್ಪದಲ್ಲಿ ಗುರುಶಿಷ್ಯರು ಎದುರುಬದುರಾಗಿ ಕುಳಿತಿರುತ್ತಾರೆ. ನಡುವೆ ಠವಣೆಕೋಲು, ಅಂದರೆ ಓಲೆಯ ಕಟ್ಟನ್ನು ಇರಿಸುವ ಅಡ್ಡಕೋಲುಗಳ ಪೀಠ. ಕೊನೆಯ ಗಳಿಗೆಯಲ್ಲಿಯೂ ಶ್ರುತವೇ ಸಂಗಾತಿ ಎಂಬುದನ್ನು ಶಿಲ್ಪಿಯು ಇದಕ್ಕಿಂತ ಮಿತವಾಗಿ ಹೇಳುವಂತಿರಲಿಲ್ಲ. ಕೊಪ್ಪಳದಲ್ಲಿ ವರಾಂಗಚರಿತೆಯ ಕರ್ತೃವಾದ ಜಟಾಸಿಂಹನಂದಿ ಆಚಾರ್ಯರಿಗಾಗಿ ಚಾವಯ್ಯನು ಮಾಡಿಸಿದುದು ಪಾದಗಳನ್ನು ಮಾತ್ರ. ನಿಂತಿದ್ದವರು ನಡೆದುಹೋಗಿದ್ದಾರೆ, ಹೆಜ್ಜೆ ಉಳಿದಿದೆ. ಮೂಡಬಿದರೆಯಲ್ಲಿ ಮಾತ್ರ ಯತಿಗಳ ನಿಸಿಧಿಗಳು ಹಲವು ಅಂತಸ್ತುಗಳಾಗಿ ಏರಿವೆ. ಜೇಮ್ಸ್ ಫರ್ಗುಸನ್ನನು ಇವುಗಳನ್ನು ವಿಸ್ಮಯದಿಂದ ವರ್ಣಿಸಿದ್ದಾನೆ.

ನಿಸಿಧಿಗೂ ಓಲೆಗರಿಗೂ ಇರುವ ನಂಟು ಶಿಲ್ಪಕ್ಕೆ ಮಾತ್ರ ಸೀಮಿತವಲ್ಲ. ಮೂಡಬಿದರೆಯ ಧವಲಾ ಪ್ರತಿಯ ಪ್ರಶಸ್ತಿಯು ಆ ಪ್ರತಿಯನ್ನು ಪಡೆದವರು ಶುಭಚಂದ್ರ ಸಿದ್ಧಾಂತದೇವರೆಂದು ಹೇಳುತ್ತದೆ. 1123ರ ನಿಸಿಧಿಯ ಶುಭಚಂದ್ರರೇ ಇವರೆಂದು ವಿದ್ವಾಂಸರು ಗುರುತಿಸಿದುದರಿಂದ ಪ್ರತಿಯ ಕಾಲನಿರ್ಣಯಕ್ಕೆ ಆಧಾರ ದೊರೆಯಿತು. ಆ ಕಂಬವು ಕಾಣೆಯಾಗಿದ್ದರೆ ಓಲೆಗರಿಯೊಂದೇ ಅಷ್ಟನ್ನು ಹೇಳಲಾರದಿತ್ತು.

ಇದರಿಂದ ನಮಗೆ ಎರಡು ಕರ್ತವ್ಯಗಳು ಒದಗುತ್ತವೆ. ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟವು 1923ರ ಆವೃತ್ತಿಯಲ್ಲಿ 500, 1973ರ ಆವೃತ್ತಿಯಲ್ಲಿ 573 ಶಾಸನಗಳನ್ನು ಕೊಟ್ಟಿದೆ. ಪ್ರತಿ ಶಾಸನದ ತಲೆಯಲ್ಲಿರುವ ಸ್ಥಾನನಿರ್ದೇಶವನ್ನು ದಾಟಿ ನಾವು ಪಾಠಕ್ಕೆ ಹೋಗುತ್ತೇವೆ. ಆದರೆ ಆರಾಧನೆಯ ದಿಕ್ಕು-ದೂರಗಳ ವಿಧಿಯನ್ನು ಪರೀಕ್ಷಿಸುವುದಕ್ಕೆ ಆ ಒಂದು ಸಾಲೇ ಆಧಾರ. ಹಳ್ಳಿಗಳಲ್ಲಿ ಹೊಲದ ಬದುವಿನಿಂದ ಕಿತ್ತು ಬಸದಿಯ ಗೋಡೆಗೆ ಒರಗಿಸಿದ ನಿಸಿಧಿಯಲ್ಲಿ ಅಕ್ಷರ ಉಳಿಯುತ್ತದೆ, ನೆಲೆ ಅಳಿಯುತ್ತದೆ. ಆದುದರಿಂದ ಕಲ್ಲನ್ನು ಇದ್ದಲ್ಲಿಯೇ ಉಳಿಸಬೇಕು. ಅನಿವಾರ್ಯವಾಗಿ ಸರಿಸುವುದಾದರೆ ಮೊದಲಿನ ಸ್ಥಾನ, ಮುಖ, ಸುತ್ತಣ ನೆಲಗಳನ್ನು ಬರೆದಿಡಬೇಕು.

ಎರಡನೆಯದು, ಹೊಸ ಸ್ಮಾರಕಗಳನ್ನು ಕುರಿತದ್ದು. ಭಕ್ತಿಯ ಆಧಿಕ್ಯದಿಂದ ಇವು ಎತ್ತರವನ್ನೂ ಅಲಂಕಾರವನ್ನೂ ಅರಸುವುದು ಸಹಜ. ಆಗ ಪಂಡಿತರನ್ನು ಸಲಹೆ ಕೇಳಿದರೆ ಹೇಳಬೇಕಾದುದು ಗ್ರಂಥದಲ್ಲಿಯೇ ಇದೆ: ಜೀವಬಾಧೆಯಿಲ್ಲದ ಸಮನೆಲ, ಬೆಳಕು, ಏಕಾಂತ. ಅದಕ್ಕೆ ಚಿಕ್ಕಬೆಟ್ಟವು ಕೂಡಿಸುವುದು ನಾಲ್ಕು ಕಂಬಗಳನ್ನೂ ನಡುವೆ ಓದಬಹುದಾದ ಒಂದು ಬರಹವನ್ನೂ. ಬಂದವನು ಅಲ್ಲಿ ಸ್ವಲ್ಪ ಹೊತ್ತು ಕುಳಿತರೆ ನಿಷದ್ಯೆಯೆಂಬ ಶಬ್ದವು ಸಾರ್ಥಕವಾಗುತ್ತದೆ.