ಶಾಲಾ ಪರಿಸರ ಮತ್ತು ಆಕ್ರಮಣಶೀಲತೆ: ‘ವಡ್ಡಾರಾಧನೆ’ಯ ಒಂದು ಕಥೆಯ ಹಿನ್ನೆಲೆಯಲ್ಲಿ

ವಿದ್ಯಾರ್ಥಿಗಳು ಪರಸ್ಪರ ಪೀಡಿಸುವುದನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಮಗುವಿನ ಸ್ವಭಾವ ಮತ್ತು ಮನೆಯ ಸಂಸ್ಕಾರಗಳಿಗೆ ಸೀಮಿತವಾಗುತ್ತದೆ. ಶಾಲೆಯ ವ್ಯವಸ್ಥೆಯ ಪಾತ್ರವೇನು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

2025ರ ಆಗಸ್ಟ್ 19ರಂದು ಅಹಮದಾಬಾದಿನ ಖೋಖರಾ ಪ್ರದೇಶದ ಖಾಸಗಿ ಶಾಲೆಯೊಂದರ ಬಳಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಇರಿತಕ್ಕೊಳಗಾಗಿ, ಅನಂತರ ಮೃತನಾದ. ಪೊಲೀಸರು ವಶಕ್ಕೆ ಪಡೆದದ್ದು ಅದೇ ಶಾಲೆಯ ಕಿರಿಯ ವಿದ್ಯಾರ್ಥಿಯನ್ನು. ಮರುದಿನ ರೊಚ್ಚಿಗೆದ್ದ ಗುಂಪು ಶಾಲೆಗೆ ನುಗ್ಗಿ ಪೀಠೋಪಕರಣಗಳನ್ನು ಒಡೆದು, ಸಿಬ್ಬಂದಿಯ ಮೇಲೆ ಕೈಮಾಡಿತು. ಮಕ್ಕಳ ಹಿಂಸೆಗೆ ಹಿರಿಯರು ನೀಡಿದ ಉತ್ತರವೂ ಹಿಂಸೆಯೇ ಆಯಿತು. ಶಾಲಾ ಪರಿಸರವೆಂದರೆ ಕಟ್ಟಡ, ಅಂಗಳಗಳಷ್ಟೇ ಅಲ್ಲ. ಸುತ್ತಲಿನ ಹಿರಿಯರ ನಡತೆಯೂ ಅದರಲ್ಲಿ ಸೇರಿದೆ.

ಈ ವಿಷಯದ ವ್ಯವಸ್ಥಿತ ಅಧ್ಯಯನಕ್ಕೆ ತಳಹದಿ ಹಾಕಿದವರು ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. ಉದ್ದೇಶಪೂರ್ವಕತೆ, ಪುನರಾವರ್ತನೆ, ಬಲದ ಅಸಮತೆ ಇವು ಪೀಡನೆಯ ಮೂರು ಲಕ್ಷಣಗಳೆಂದು ಅವರು ಗುರುತಿಸಿದರು. 1983ರಿಂದ ನಾರ್ವೆಯ ಬರ್ಗೆನ್ ನಗರದಲ್ಲಿ ಸುಮಾರು 2,500 ಮಕ್ಕಳ ನಡುವೆ ಅವರು ನಡೆಸಿದ ಪ್ರಯೋಗದಿಂದ ಪೀಡನೆ ಸುಮಾರು ಅರ್ಧದಷ್ಟು ಇಳಿಯಿತು. ತರಗತಿಯ ಗಾತ್ರಕ್ಕಿಂತ ಬಿಡುವಿನ ವೇಳೆಯಲ್ಲಿ ಅಧ್ಯಾಪಕರ ಉಪಸ್ಥಿತಿ ಮತ್ತು ಪೀಡನೆಯ ಬಗೆಗೆ ಅವರ ಧೋರಣೆಗಳೇ ಮುಖ್ಯವೆಂಬುದು ಅವರ ನಿಲುವು.

ಕನ್ನಡದಲ್ಲಿ ಉಪಲಬ್ಧವಿರುವ ಅತಿ ಪ್ರಾಚೀನ ಗದ್ಯಕೃತಿಯಾದ ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕಥೆ ಈ ದೃಷ್ಟಿಯಿಂದ ಗಮನಾರ್ಹ. ವಿದ್ಯೆಯಿಲ್ಲದೆ ಪೌರೋಹಿತ್ಯದ ಪದವಿಯನ್ನು ಕಳೆದುಕೊಂಡ ಅಗ್ನಿಭೂತಿ, ವಾಯುಭೂತಿ ಎಂಬ ಸಹೋದರರು ಸೋದರಮಾವ ಸೂರ್ಯಮಿತ್ರನಲ್ಲಿಗೆ ಬರುತ್ತಾರೆ. ಆತ ನಂಟನ್ನು ಮರೆಮಾಚಿ, ಭಿಕ್ಷೆಯ ಅನ್ನ ಉಣ್ಣಿಸಿ ಓದಿಸುತ್ತಾನೆ. ವಿದ್ಯೆ ಮುಗಿದ ಮೇಲೆ ನಿಜವನ್ನು ತಿಳಿಸುತ್ತಾನೆ. ಹಿರಿಯನಲ್ಲಿ ಕೃತಜ್ಞತೆ ಮೂಡುತ್ತದೆ, ಕಿರಿಯನಲ್ಲಿ ಹಗೆ. ಮುಂದೆ ಮುನಿಯಾಗಿ ಬಂದ ಗುರುವನ್ನು ವಾಯುಭೂತಿ ನಿಂದಿಸುತ್ತಾನೆ. ಅದನ್ನು ಆಕ್ಷೇಪಿಸಿದ ಅತ್ತಿಗೆ ಸೋಮದತ್ತೆಯನ್ನು ಒದೆಯುತ್ತಾನೆ. ಅವಳ ಸೇಡು ಜನ್ಮಾಂತರಕ್ಕೆ ಹರಿದು, ಸುಕುಮಾರನಾಗಿ ಹುಟ್ಟಿದ ಅವನನ್ನು ನರಿಯ ರೂಪದಲ್ಲಿ ತಿನ್ನುತ್ತದೆ.

ಕಥೆಯ ಉದ್ದೇಶ ಕರ್ಮಫಲದ ನಿರೂಪಣೆಯೇ ಹೊರತು ಶಿಕ್ಷಣಮೀಮಾಂಸೆಯಲ್ಲ. ವಾಯುಭೂತಿ ನಿರ್ದೋಷಿಯೂ ಅಲ್ಲ. ಆದರೂ ಎರಡು ಸಂಗತಿಗಳು ಸ್ಪಷ್ಟ. ಒಂದೇ ಗುರುವಿನ ಒಂದೇ ಕಾಠಿಣ್ಯ ಇಬ್ಬರಲ್ಲಿ ಎರಡು ಬಗೆಯಾಗಿ ಪರಿಣಮಿಸಿತು. ಆದ್ದರಿಂದ ಸ್ವಭಾವವನ್ನು ಅಲ್ಲಗಳೆಯಲಾಗದು. ಕಾರಣ ತಿಳಿಸದ ಕಾಠಿಣ್ಯದಿಂದ ಹುಟ್ಟಿದ ಹಗೆ ಗುರುವಿನಲ್ಲಿಯೇ ನಿಲ್ಲದೆ ಎದುರು ನಿಂತು ಹೊಡೆಯಲಾರದವಳ ಮೇಲೆ ಎರಗಿತು. ಇಂದಿನ ಶಾಲೆಯಲ್ಲಿ ಅಧ್ಯಾಪಕನಿಂದ ಅವಮಾನಿತನಾದವನು ತನಗಿಂತ ಕಿರಿಯನನ್ನು ಹುಡುಕುವುದೂ ಇದೇ ಕ್ರಮದಲ್ಲಿ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಿಷೇಧ ಅಗತ್ಯ, ಆದರೆ ಸಾಲದು. ಶಿಸ್ತಿನ ಕಾರಣವನ್ನು ಮೊದಲೇ ತಿಳಿಸುವ, ದೂರನ್ನು ಕಿವಿಗೊಟ್ಟು ಕೇಳುವ, ಬಿಡುವಿನಲ್ಲಿ ಅಂಗಳಕ್ಕೆ ಇಳಿಯುವ ಅಧ್ಯಾಪಕನಿಲ್ಲದೆ ಕಾಯಿದೆ ಕಾಗದದಲ್ಲಿಯೇ ಉಳಿಯುತ್ತದೆ. ಸೂರ್ಯಮಿತ್ರ ಕೊನೆಗೆ ಆಡಿದ ಮಾತನ್ನು ಶಾಲೆ ಮೊದಲ ದಿನವೇ ಆಡಬೇಕಾಗಿದೆ.